ಅರ್ಧ ತೆರೆದ ಉಗಿ

ಅಪ್ಪಾ,

ನೀನಿರುವಲ್ಲಿಗೆ ಅಂಚೆಯಿಲ್ಲ, ಆದರೂ ಸುದ್ದಿ ಹೇಳಲೇಬೇಕು. ನೀನು ಹೋದಮೇಲೆ ಅಮ್ಮ ಮಲಗುವ ಕೋಣೆಯನ್ನು ಉಗಿಯಿಂದ ಬೆಚ್ಚಗಿಡುವ ರೇಡಿಯೇಟರಿನ ತಿರುಪನ್ನು ಅರ್ಧ ಮುಚ್ಚಿಟ್ಟಿದ್ದಳು: "ಒಬ್ಬಳಿಗೆ ಅರ್ಧ ಕಾವು ಸಾಕಲ್ವಾ?" ಅರ್ಧ ತೆರೆದರೆ ಉಗಿ ಒಳಬರುತ್ತದೆ, ಅದು ತಣಿದು ಆದ ನೀರು ಮಾತ್ರ ಇಳಿಯಲಾರದೆ ಕೊಳವೆಯನ್ನು ಗುದ್ದುತ್ತದೆ, ನೀನು ಮನೆಯಲ್ಲಿ ಸದಾ ಏನಾದರೂ ಬಡಿಯುತ್ತಿದ್ದ ಹಾಗೆ. "ಸತ್ರೂ ಸುತ್ತಿಗೆ ಕೆಳಗಿಡ್ಲಿಲ್ಲ ನಿಮ್ಮಪ್ಪ!" ಎನ್ನುತ್ತ, ಆ ಸದ್ದಿಗೆ ನಿದ್ದೆಗೆಟ್ಟು, ಅಮ್ಮ ಇರೇನಾ ಚಿಕ್ಕಮ್ಮನ ಮನೆಗೆ ಹೊರಡಲು ಪೆಟ್ಟಿಗೆ ಕಟ್ಟಿದ್ದಳು.

ಇವತ್ತು ತಿರುಪನ್ನು ಪೂರ್ತಿ ತೆರೆದೆ. ಉಗಿ ಬಂದ ದಾರಿಯಲ್ಲೇ ನೀರು ಇಳಿಯಿತು, ಗುದ್ದು ನಿಂತಿತು. ಗಾಳಿ ಬಿಡುವ ಮೂತಿ ಮಾತ್ರ ಉಸ್ಸೆಂದಿತು.

"ನೋಡೇ ಝೋಷಾ, ನಿಮ್ಮಪ್ಪನ ಹಾಗೇ ನಂಗೆ ಉಗೀತಿದೆ!"

"ಉಗೀಲಿ ಬಿಡಮ್ಮ, ಉಗಿ ಅಲ್ವಾ!"

ನಕ್ಕಳು, ಅಪ್ಪಾ.

ಪೆಟ್ಟಿಗೆ ಇನ್ನೂ ಬಾಗಿಲಲ್ಲೇ ಇದೆ. ಆದರೆ ಅದರೊಳಗಿದ್ದ ಅವಳ ಕಾಲುಚೀಲ, ನಿನ್ನ ಉಣ್ಣೆಯ ಟೋಪಿ ಈಗ ರೇಡಿಯೇಟರಿನ ಮೇಲೆ ಒಟ್ಟಿಗೆ ಬೆಚ್ಚಗಾಗುತ್ತಿವೆ.