ಕಾರಿನ ಮೂತಿಗೆ ಜಾಲರಿ

ಮಗೂ,

ಕಾರು ರೆಡಿ ಇದೆ, ಕೀಲಿ ಮೊಳೆಗೆ ನೇತುಹಾಕಿದ್ದೀನಿ. ಹೊಸ ರೇಡಿಯೇಟರ್ ಮುಂದೆ ಜಾಲರಿ ಕಟ್ಟಿದ್ದೀನಿ, ಎಸಿ ಕಾಯಿಲ್‌ಗೂ ಸೇರಿಸಿ. ನೀನು ತಂದಿದ್ದೇ. ‘ಇಷ್ಟು ವರ್ಷ ಬಸ್ಸು ಓಡಿಸಿದವನಿಗೆ ಪಾಠ ಹೇಳಬೇಡ’ ಅಂತ ಅದನ್ನ ಸ್ಟೋರ್ ರೂಮಿನ ಕಿಟಕಿಗೆ ಹೊಡೆದವನು ನಾನೇ. ಅಲ್ಲಿಂದ ಕಿತ್ತೆ. ಇನ್ನು ಬೆಕ್ಕು ಬರುತ್ತೆ, ಹಾಲಿನ ಮುಚ್ಚಳದ ಮೇಲೆ ಭಾರ ಇಡು.

ಮೆಕ್ಯಾನಿಕ್ ಹಳೇದನ್ನ ಬಿಚ್ಚಿ ತೋರಿಸಿದ. ಕಲ್ಲು ಹಾರಿ ಕಡಲೆಕಾಳಿನಷ್ಟು ತೂತು. ಬಿಸಿ ತೋರಿಸೋ ಸೂಜಿ ಏರಿದ ಕೂಡಲೇ ನೀನು ಕಾರು ನಿಲ್ಲಿಸಿದ್ದಕ್ಕೆ ಎಂಜಿನ್ ಉಳೀತಂತೆ. ಅದು ಗೊತ್ತಿಲ್ಲದೆ ಮೊನ್ನೆ ಊಟಕ್ಕೆ ಕೂತಾಗ ನಿಮ್ಮತ್ತೆ, ಮಕ್ಕಳು ಎಲ್ಲರ ಮುಂದೆ ‘ನಿನಗೆ ಓಡಿಸೋಕೆ ಬರಲ್ಲ’ ಅಂದುಬಿಟ್ಟೆ. ನೀನು ತಟ್ಟೆ ಬಿಟ್ಟು ಎದ್ದೆ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು, ಗೊತ್ತು. ಜಾಲರಿಗೆ ಎಲೆ, ಹುಳ ಅಂಟಿದ್ರೆ ಹಳೇ ಬ್ರಷ್‌ನಲ್ಲಿ ಉಜ್ಜು. ಬೇಡ ಬಿಡು, ಅದು ನನ್ನ ಕೆಲಸ.

ಮುಖ ನೋಡಿ ಹೇಳೋಕೆ ಧೈರ್ಯ ಸಾಲದೆ ವಾಕಿಂಗ್ ಹೊರಟಿದ್ದೀನಿ. ಈ ಚೀಟಿ ಮಡಚಿ ನಿನ್ನ ಬ್ಯಾಗಿನಲ್ಲಿ ಇಡೋಣ ಅಂತಿದ್ದೆ. ಆದರೆ ಅಂದಿದ್ದು ಎಲ್ಲರ ಮುಂದೆ ತಾನೆ, ಅದಕ್ಕೇ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀನಿ. ಎಲ್ಲರೂ ಓದೋವರೆಗೂ ತೆಗೀಬೇಡ.

ನಿನ್ನ ಮಾವ