ಹಿನ್ನೀರಿನ ಕೆಂಪು ಬಾವುಟ ಕಿತ್ತವರಿಗೆ

ಹಿನ್ನೀರಿನ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ನೀರಿನಡಿ ಏನೂ ಇಲ್ಲವೆಂದು ನೀವು ಪೊಲೀಸರಿಗೆ ಬರೆದುಕೊಟ್ಟಿದ್ದೀರಿ. ಆ ‘ಏನೂ ಇಲ್ಲ’ಕ್ಕೆ ದೋಣಿ ಬಡಿದು ನನ್ನ ಗಂಡ ಸತ್ತರು. ಅದೇ ಪತ್ರದ ಬಲದಿಂದ, ನನ್ನ ಜೀವ ಉಳಿಸಿದ ದೋಣಿಯವ ಸುಕೇಶನ ಮೇಲೆ ಮೊಕದ್ದಮೆ ನಡೆಯುತ್ತಿದೆ. ಎರಡು ಸಲ ನಿಮ್ಮ ಕಚೇರಿಗೆ ಬಂದೆ; ಎರಡು ಸಲವೂ ತಾವು ‘ಸ್ಥಳ ಪರಿಶೀಲನೆ’ಗೆ ಹೋಗಿದ್ದಿರಿ. ಯಾವ ಸ್ಥಳವೋ, ಆ ಶಿವನೇ ಬಲ್ಲ.

ನನ್ನ ಗಂಡ ಗುಂಡಣ್ಣ ಇಲ್ಲೇ ಚೆನ್ನೈನ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತರಾದ ಮೇಲೆ ಗಾಳದ ಹುಚ್ಚು ಹಿಡಿಯಿತು. ಭಾನುವಾರ ಬೆಳಗ್ಗೆ ಪೆರುಂಗುಡಿ ದಾಟಿ ಹಿನ್ನೀರಿಗೆ ಹೋಗಿ ಸುಕೇಶನ ದೋಣಿ ಹತ್ತುತ್ತಿದ್ದೆವು. ಅಲ್ಲಿ ಹಳೆಯ ಕಾಲುಸೇತುವೆ ಕೆಡವಿದ ನಿಮ್ಮವರು ಕಣ್ಣಿಗೆ ಕಾಣುವುದನ್ನಷ್ಟೇ ಸಾಗಿಸಿದರು. ಕಾಂಕ್ರೀಟ್ ಕಂಬಗಳ ಬುಡ, ಚಾಚಿದ ಕಬ್ಬಿಣದ ಕಂಬಿಗಳ ಸಮೇತ, ನೀರಿನಡಿ ಮೊಳದಾಳದಲ್ಲೇ ಉಳಿಯಿತು. ಅರ್ಜಿ ಕೊಟ್ಟು ಸೋತ ಮೀನುಗಾರರು ಅಲ್ಲೊಂದು ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿದರು. ದೋಣಿ ಉತ್ಸವಕ್ಕೆ ಗಣ್ಯರು ಬರುವ ಮುನ್ನಾದಿನ ಅದನ್ನು ‘ಅನಧಿಕೃತ’ವೆಂದು ಕೀಳಿಸಿದಿರಿ. ಹಾಗಾದರೆ ಕಂಬಗಳು ಅಧಿಕೃತವೇ?

ಮರುವಾರ ನಾವು ಹೋದಾಗ ಮಳೆಯಿಂದ ನೀರು ಕದಡಿತ್ತು. ಸುಕೇಶ ಎಂಜಿನ್ ತಗ್ಗಿಸಿ, “ಕೊಡಿಯೈ ಕಾಣೋಮ್ಮಾ” ಎಂದ, ಬಾವುಟ ಕಾಣುತ್ತಿಲ್ಲವಂತೆ. ನನ್ನವರು ಹುಡುಕಲು ಎದ್ದುನಿಂತರು. “ನಾಗು, ನೀನು ಭದ್ರವಾಗಿ ಹಿಡ್ಕೋ” ಎಂದದ್ದೇ ಕೊನೆಯ ಮಾತು. ದಡಾರನೆ ಬಡಿಯಿತು, ದೋಣಿ ಮಗುಚಿತು. ಸುಕೇಶ ನನ್ನನ್ನು ಮಗುಚಿದ ದೋಣಿಗೆ ಆನಿಸಿ ಮತ್ತೆ ಮತ್ತೆ ಮುಳುಗಿದ. ನಾಲ್ಕನೆಯ ಸಲ ಅವರನ್ನು ಎತ್ತಿ ತಂದ. ಉಸಿರಿರಲಿಲ್ಲ. ಅವನ ಎದೆ, ತೋಳು ಸೀಳಿ ರಕ್ತ ಸುರಿಯುತ್ತಿತ್ತು. ‘ಏನೂ ಇಲ್ಲ’ಕ್ಕೆ ಅಷ್ಟು ಹರಿತವಾದ ಉಗುರುಗಳಿರುತ್ತವೆಯೇ, ಸ್ವಾಮಿ?

ಇನ್ನು ನನ್ನ ತಪ್ಪು. ಆಸ್ಪತ್ರೆಯಲ್ಲಿ ಪೊಲೀಸನೊಬ್ಬ ತಮಿಳಿನಲ್ಲಿ ಬರೆದ ಕಾಗದ ಚಾಚಿ, ಸಹಿ ಹಾಕಿದರೆ ದೇಹ ಕೊಡುತ್ತಾರೆ ಎಂದ. ನಲವತ್ತು ವರ್ಷದಿಂದ ಈ ಊರಿನಲ್ಲಿ ತಮಿಳಿನಲ್ಲೇ ಚೌಕಾಸಿ ಮಾಡಿದ್ದೇನೆ, ಜಗಳವಾಡಿದ್ದೇನೆ; ಓದಲು ಮಾತ್ರ ಕಲಿಯಲಿಲ್ಲ. ಸಹಿ ಹಾಕಿದೆ. ಹತ್ತು ದಿನದ ನಂತರ ಮಗಳು ನಿಖಿತಾ ಅದರ ಪ್ರತಿ ಓದಿ ನನ್ನ ಮುಖ ನೋಡಿದಳು. “ಅಮ್ಮಾ, ಸುಕೇಶಣ್ಣ ಬೋಟ್ ಸ್ಪೀಡಾಗಿ ಓಡಿಸಿದ್ರು ಅಂತ ಇದೆ. ನೀಯಾ ಸೊನ್ನೆ?” ನೀನೇ ಹೇಳಿದ್ದಾ ಎಂದು ಕೇಳುತ್ತಿದ್ದಳು; ನಾನು ಹೇಳಿರಲಿಲ್ಲ. ಆದರೆ ಸಹಿ ನನ್ನದೇ.

ಠಾಣೆಗೆ ಓಡಿದೆ. ನಿಮ್ಮ ಪತ್ರವಿರುವ ತನಕ ನನ್ನ ಹೊಸ ಹೇಳಿಕೆ ಬರೀ ದುಃಖದ ಮಾತಂತೆ. ಸುಕೇಶನ ಹೆಂಡತಿ ವಿಮಲಾ ಒಂದು ದಿನ ಬಾಗಿಲಿಗೆ ಬಂದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. “ಅವರು ಎನ್ನ ತಪ್ಪು ಪಣ್ಣಾರು, ಅಕ್ಕಾ?” ಎಂದಷ್ಟೇ ಕೇಳಿದಳು. ಅವನು ಏನು ತಪ್ಪು ಮಾಡಿದ ಎಂಬ ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ತಮ್ಮಲ್ಲಿ ಉತ್ತರವಿದೆಯೇ?

ನನಗೆ ಪರಿಹಾರ ಬೇಡ, ಸಂತಾಪವೂ ಬೇಡ. ಹತ್ತೊಂಬತ್ತರಂದು ವಿಚಾರಣೆಯಿದೆ. ಅದಕ್ಕೆ ಮೊದಲು ಮುಳುಗುಗಾರರನ್ನು ಇಳಿಸಿ ನೋಡಿಸಿ. ಕಂಡದ್ದನ್ನು ನ್ಯಾಯಾಲಯಕ್ಕೆ ಬರೆದುಕೊಟ್ಟು ಹಳೆಯ ಪತ್ರ ಹಿಂಪಡೆಯಿರಿ. ಅನುಮಾನವಿದ್ದರೆ ತಾವೇ ದೋಣಿ ಹತ್ತಿ ಬನ್ನಿ. ಜೊತೆಗೆ ನಾನೂ ಕೂರುತ್ತೇನೆ. ಇದನ್ನು ಕನ್ನಡದಲ್ಲಿ ಬರೆದಿದ್ದೇನೆ, ಈ ಸಲವಾದರೂ ನಾನೇ ಓದಿ ಸಹಿ ಹಾಕಬೇಕೆಂದು. ತಮಿಳು ಪ್ರತಿಯನ್ನು ಮಗಳು ಲಗತ್ತಿಸಿದ್ದಾಳೆ.

ಇಂತಿ,
ತಮ್ಮ ಕಡತದ ಪ್ರಕಾರ ಸುಕೇಶನ ವಿರುದ್ಧದ ದೂರುದಾರಳು,
ನಾಗಮಣಿ ಗುಂಡಣ್ಣ
ಬೆಸೆಂಟ್ ನಗರ, ಚೆನ್ನೈ