ಇನ್ನೂರ ಹನ್ನೆರಡನೇ ಪುಟ

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಮೂರು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನನ್ನ ಕಣ್ಣು ಚೆನ್ನಾಗಿದೆ, ಮಂಡಿ ಮಾತ್ರ ಮಾತು ಕೇಳುವುದಿಲ್ಲ. ನಿನ್ನ ಅತ್ತಿಗೆ ಆರಾಮವಾಗಿದ್ದಾಳೆ. ತಡವಾದದ್ದಕ್ಕೆ ಇದ್ಯಾವುದೂ ಕಾರಣವಲ್ಲ. ಹತ್ತು ದಿನದಿಂದ ಪೆನ್ನು ಹಿಡಿದರೆ ಸಿಟ್ಟೇ ಮುಂದಾಗುತ್ತಿತ್ತು.

ನೀನು ಹೇಳಿದಂತೆ ಇಲ್ಲಿನ ಭೂದಾಖಲೆ ಕಚೇರಿಗೆ ಹೋಗಿದ್ದೆ. ಅಧಿಕಾರಿ ನಿನ್ನ ಮಗನ ವಯಸ್ಸಿನವನು. ಕುರ್ಚಿ ಹಾಕಿಸಿದ, ಚಹಾ ತರಿಸಿದ. ಆಮೇಲೆ ನಿಧಾನವಾಗಿ ವಿಷಯಕ್ಕೆ ಬಂದ. ನಿಮ್ಮ ಬಟ್ಟೆ ಗಿರಣಿಯ ಹಿಂದಿನದು ಖಾಲಿ ಜಾಗವಂತೆ. ನಿಮ್ಮ ಅರವತ್ತೆರಡು ಲೈನ್ ಮನೆಗಳು ಗಿರಣಿ ಮುಚ್ಚಿದ ಮೇಲೆ ಎದ್ದ ಅತಿಕ್ರಮಣವಂತೆ. ಬಿಲ್ಡರ್ ಜಾಗ ಕೊಂಡಾಗಿದೆ, ಬದಲಿ ಮನೆಯ ಮಾತೇ ಇಲ್ಲವಂತೆ.

ನನ್ನ ತಂಗಿಯ ಗಂಡ ಅದೇ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ, ಇಬ್ಬರು ಮಕ್ಕಳೂ ಹದಿನೇಳನೇ ನಂಬರಿನಲ್ಲೇ ಹುಟ್ಟಿದರು, ಆಗ ಗಿರಣಿ ಮೂರು ಪಾಳಿ ಓಡುತ್ತಿತ್ತು ಎಂದೆ.

"ಇರಬಹುದು ಸರ್. ಆದ್ರೆ ಪುಸ್ತಕದಲ್ಲಿ ಇಲ್ವಲ್ಲ" ಎಂದ.

ಗಿರಣಿಯ ಕಾಗದಪತ್ರವೆಲ್ಲ ಗೋದಾಮಿನ ಬೆಂಕಿಯಲ್ಲಿ ಹೋಯಿತು. ಉಳಿದಿರುವುದು ರಾಜ್ಯದ ಚರಿತ್ರೆ, ಉದ್ಯಮ, ನಗರಗಳನ್ನು ದಾಖಲಿಸಿದ ಸರ್ಕಾರಿ ಗ್ಯಾಸೆಟಿಯರ್ ಒಂದೇ. ಇನ್ನೂರ ಹನ್ನೆರಡನೇ ಪುಟ ತೆರೆದು ನನ್ನ ಮುಂದಿಟ್ಟ. ಚಿಮಣಿಯ ಎತ್ತರ ಇದೆ, ಮಗ್ಗಗಳ ಸಂಖ್ಯೆ ಇದೆ, ಮಾಲೀಕನ ಲಾಯದಲ್ಲಿದ್ದ ಕುದುರೆಗಳ ಲೆಕ್ಕವೂ ಇದೆ. ದುಡಿದವರ ಮನೆಗಳಿಲ್ಲ.

ಈ ರಾಜ್ಯ ಹುಟ್ಟಿದ ದಿನ ಶಾಲೆಯ ಅಂಗಳದಲ್ಲಿ ಬಾವುಟ ನೋಡುತ್ತಾ ನಿಂತಿದ್ದವರು ನಾವು. ದುಡಿಯುವ ಕೈಗೆಲ್ಲ ಸೂರು ಎಂದು ಅಂದು ಧ್ವನಿವರ್ಧಕದಲ್ಲಿ ಕೂಗಿದರು. ನಿಮ್ಮ ಬಂದರು ನಗರ ನೂಲಿನಿಂದ ಬೆಳೆಯಿತು, ನಮ್ಮ ರಾಜಧಾನಿ ಆ ನೂಲಿನ ತೆರಿಗೆಯಿಂದ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಆ ನೆಲವನ್ನು ಮೂಸಿ ನೋಡುವವರಿರಲಿಲ್ಲ. ಈಗ ಪತ್ರಿಕೆಯಲ್ಲಿ ಎರಡೂ ನಗರಗಳ ಮನೆ ಬೆಲೆಯ ಗೆರೆ ರೋಗಿಯ ಜ್ವರದಂತೆ ಏರುತ್ತಿದೆ, ಅದನ್ನು ಆರೋಗ್ಯಕರ ಬೆಳವಣಿಗೆ ಎಂದು ಬರೆಯುತ್ತಾರೆ. ಯಾವ ವೈದ್ಯನ ಬಾಯಲ್ಲೂ ನಾನು ಇಂಥ ಮಾತು ಕೇಳಿಲ್ಲ. ನಮ್ಮ ಬೀದಿಯೊಂದರಲ್ಲೇ ಹನ್ನೊಂದು ಹೊಸ ಮನೆಗಳಿಗೆ ಬೀಗ. ಕೊಂಡವರು ಒಮ್ಮೆಯೂ ಒಳಗೆ ಕಾಲಿಟ್ಟಿಲ್ಲ. ಬೀದಿ ಕೊನೆಯ ಆಸ್ಪತ್ರೆಯ ನರ್ಸ್ ಎರಡು ಬಸ್ಸು ಬದಲಿಸಿ ಬರುತ್ತಾಳೆ.

ಬಿಲ್ಡರ್ ನಿಮ್ಮ ಚಿಮಣಿಯನ್ನು ಅಂದಕ್ಕೆಂದು ಉಳಿಸುತ್ತಾನಂತೆ. ಹೊಗೆ ಉಗುಳಿದ್ದಕ್ಕೆ ಇರುವ ಮರ್ಯಾದೆ ಆ ಹೊಗೆ ಕುಡಿದವರಿಗೆ ಇಲ್ಲ.

ಕಚೇರಿಯ ಮೆಟ್ಟಿಲ ಮೇಲೆ ನಿನ್ನ ಪಕ್ಕದ ಮನೆಯ ಟೈಲರಮ್ಮ ಸಿಕ್ಕಳು, ಬಸ್ಸಿಳಿದು ನೇರ ಬಂದಿದ್ದಳು. "ನಾವು ಇರ್ಲೇ ಇಲ್ಲ ಅಂತಾರಂತಲ್ಲ ಅಣ್ಣ? ಹಾಗಾದ್ರೆ ಓಟು ಕೇಳೋಕೆ ಇವ್ರೆಲ್ಲ ಯಾರ ಮನೆ ಬಾಗಿಲಿಗೆ ಬರ್ತಿದ್ರು, ದೆವ್ವದ್ದಾ?" ಎಂದಳು. ನಗು ಬಂತು. ಮರುಕ್ಷಣವೇ ಅವಳು, ಸರ್ಕಾರಿ ಪುಸ್ತಕ ಮಾಡೋ ಕಚೇರಿಯಲ್ಲಿದ್ದ ನಮ್ಮಣ್ಣ ನೋಡ್ಕೋತಾನೆ ಎಂದು ನೀನು ಲೈನಿಗೆಲ್ಲ ಹೇಳಿರುವುದಾಗಿ ತಿಳಿಸಿದಳು. ನಗು ಅಲ್ಲೇ ನಿಂತಿತು.

ಹದಿನೆಂಟರಂದು ಆ ಅಧಿಕಾರಿಯ ಮುಂದೆ ಕೊನೆಯ ವಿಚಾರಣೆ. ಅದಕ್ಕೆ ಮೊದಲು ಯಾರೇ ಬಂದು ಕೇಳಿದರೂ ಸಹಿ ಹಾಕಬೇಡ, ಒಂದು ಪಾತ್ರೆಯನ್ನೂ ಕಟ್ಟಬೇಡ. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ.

ಇಂತು ನಿನ್ನ
ಅಣ್ಣ

ತಾ.ಕ.: ಗ್ಯಾಸೆಟಿಯರಿನ ಆ ಅಧ್ಯಾಯವನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನೇ, ಪುಟ್ಟಿ. ಹನ್ನೊಂದು ಸಾಲು ಹೆಚ್ಚಾಗಿದೆ, ತೆಗೆಯದಿದ್ದರೆ ಹದಿನಾರು ಪುಟದ ಇನ್ನೊಂದು ಫಾರಂ ಸೇರಿಸಬೇಕು ಎಂದು ಮುದ್ರಣಾಲಯದವರು ಹೇಳಿ ಕಳಿಸಿದರು. ಮಾಲೀಕನ ಮೊಮ್ಮಗ ಸಮಿತಿಯಲ್ಲಿದ್ದ, ಆದ್ದರಿಂದ ಕುದುರೆಗಳನ್ನು ಮುಟ್ಟಲಿಲ್ಲ. "ಕೆಲಸಗಾರರಿಗಾಗಿ ಗಿರಣಿಯೇ ಕಟ್ಟಿಸಿದ ಅರವತ್ತೆರಡು ಮನೆಗಳು" ಎಂದು ಶುರುವಾಗುವ ಪ್ಯಾರಾ ಸರಿಯಾಗಿ ಹನ್ನೊಂದು ಸಾಲಿತ್ತು, ಅದಕ್ಕೆ ಗೆರೆ ಹೊಡೆದೆ. ಅದರ ಹಿಂದಿನ ಭಾನುವಾರವಷ್ಟೇ ಹದಿನೇಳನೇ ನಂಬರಿನಲ್ಲಿ ನಿನ್ನ ಕೈಯಡುಗೆ ಉಂಡು ಬಂದಿದ್ದೆ.

ನಮ್ಮ ಕಚೇರಿಯ ಮೊಹರಿರುವ, ಆ ಪುಟದ ಕರಡಚ್ಚು ನನ್ನ ಪೆಟ್ಟಿಗೆಯಲ್ಲೇ ಇದೆ. ಅಧಿಕಾರಿ ಪುಟ ತೆರೆದಾಗ ನಾನು ಸುಮ್ಮನೆ ಚಹಾ ಕುಡಿದೆ. ಹದಿನೆಂಟರಂದು ಅದನ್ನು ಅವನ ಮೇಜಿನ ಮೇಲೆ ಇಡುತ್ತೇನೆ. ಗೆರೆ ಹೊಡೆದವರು ಯಾರು ಎಂದು ಕೇಳುತ್ತಾನೆ, ಹೇಳುತ್ತೇನೆ. ಅವನಿಗಿಂತ ಮೊದಲು ನಿನಗೆ ಗೊತ್ತಾಗಲಿ ಎಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಕೆಂಪು ಗೆರೆಯ ಕೆಳಗೆ ನಿನ್ನ ಮನೆ ಈಗಲೂ ಓದಲು ಸಿಗುತ್ತದೆ. ಟೈಲರಮ್ಮನಿಗೂ ಓದಿ ಹೇಳು. ಗೆರೆ ಯಾರದೆಂಬುದನ್ನೂ ಹೇಳು.